ಅಂಚಿನವರ ಮುಖ

ಅವರ ಬಲಗೈ ಬೆರಳುಗಳ ಉಗುರುಗಳು ಯಾವಾಗಲೂ ಕಂದು ಬಣ್ಣಕ್ಕಿರುತ್ತಿದ್ದವು. ಹೊಸದಾಗಿ ಶಾಲೆಗೆ ಸೇರಿದ ಮಕ್ಕಳು, ಡ್ರಾಯಿಂಗ್ ಮೇಷ್ಟ್ರು ಮದರಂಗಿ ಹಾಕಿಕೊಳ್ಳುತ್ತಾರೆಂದು ತಮ್ಮತಮ್ಮಲ್ಲೇ ನಗುತ್ತಿದ್ದರು. ಅದು ಫೋಟೋ ತೊಳೆಯುವ ಔಷಧಿಯ ಕಲೆ. ನಿಂಬೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಮಾತಾಡುವಾಗ ಎಡಗಣ್ಣನ್ನು ಅರ್ಧ ಮುಚ್ಚುವ ಅಭ್ಯಾಸ ಬೇರೆ. ಎದುರಿಗಿದ್ದವರನ್ನು ಅಳತೆ ಮಾಡುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೈಸ್ಕೂಲಿಗೆ ನಾನು ಗಣಿತದ ಮೇಷ್ಟ್ರಾಗಿ ಹೋದೆ. ನಮ್ಮದು ಊರಾಚೆಯ ಕೇರಿ. ಅಲ್ಲಿಂದ ಓದಿ ಮೇಷ್ಟ್ರಾದವನು ನಾನೇ ಮೊದಲು. ಸ್ಟಾಫ್ ರೂಮಿನಲ್ಲಿ ನನಗೆ ಬಾಗಿಲ ಪಕ್ಕದ ಸ್ಟೂಲು, ನೀರಿಗೆ ಬೇರೆ ಲೋಟ. ಯಾರೂ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಹಾಗೆಯೇ ಮಾತೂ ಆಡುತ್ತಿರಲಿಲ್ಲ. ಡ್ರಾಯಿಂಗ್ ಮೇಷ್ಟ್ರು ಮಾತ್ರ ಬಾಗಿಲು ದಾಟುವಾಗ ಒಂದು ಗಳಿಗೆ ನಿಂತು, ಊಟ ಆಯಿತೇ, ರೂಮು ಸಿಕ್ಕಿತೇ ಎಂದು ವಿಚಾರಿಸಿಯೇ ಹೋಗುತ್ತಿದ್ದರು. ಅವರು ಚಿಂತಾಮಣಿ ಕಡೆಯ ಜಮೀನುದಾರರ ಮನೆಯವರು. ಮನೆಯಲ್ಲಿ ತೆಲುಗು, ಸಂತೋಷವಾದರೆ ಹೊರಗೂ ತೆಲುಗು.

ಶಾಲೆಯ ಗ್ರೂಪ್ ಫೋಟೋ ತೆಗೆಯುವ ಕೆಲಸ ಪ್ರತಿ ವರ್ಷವೂ ಅವರದೇ. ಮರದ ಪೆಟ್ಟಿಗೆಯಂಥ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ತಲೆಗೆ ಹೊದೆಯುವ ಕರಿಬಟ್ಟೆ ಎಲ್ಲವೂ ಅವರ ಸ್ವಂತದ್ದು.

ನಾನು ಹೋದ ವರ್ಷವೇ ಶಾಲೆಯ ಜವಾನ ಜ್ವರ ಬಂದು ತೀರಿಕೊಂಡ. ತಿಥಿಗೆ ಇಡಲು ಒಂದು ಪಟ ಬೇಕೆಂದು ಅವನ ಹೆಂಡತಿ ಬಂದಳು. ಡ್ರಾಯಿಂಗ್ ಮೇಷ್ಟ್ರು ಆಫೀಸಿನ ಗೋಡೆಯ ಮೇಲಿದ್ದ ಗ್ರೂಪ್ ಫೋಟೋಗಳನ್ನೆಲ್ಲ ಇಳಿಸಿ ಬೆಂಚಿನ ಮೇಲೆ ಹರಡಿದರು. ಎಲ್ಲದರಲ್ಲೂ ಹೆಡ್ ಮೇಷ್ಟ್ರು ನಡುವೆ, ಹಿರಿಯರು ಅತ್ತಿತ್ತ, ಜವಾನ ತೀರ ಕೊನೆಯಲ್ಲಿ. ಅವರ ಕ್ಯಾಮೆರಾದ ಹಳೆಯ ಲೆನ್ಸಿಗೆ ನಡುವಿನವರಷ್ಟೇ ಸರಿಯಾಗಿ ಕಾಣುತ್ತಿದ್ದರು. ಕೊನೆಯಲ್ಲಿ ನಿಂತವರ ಮುಖ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗಿತ್ತು. ಹೆಂಗಸು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು.

"ಕೋಟು ಅವ್ರುದೇ ಸಾಮಿ. ಮುಖ ಮಾತ್ರ ಇಲ್ಲ" ಎಂದಳು.

ಮೇಷ್ಟ್ರು ನೆನಪಿನಿಂದ ಪೆನ್ಸಿಲ್ಲಿನಲ್ಲಿ ಅವನ ಚಿತ್ರ ಬರೆದುಕೊಟ್ಟರು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಹೋದಳು. ಚಿತ್ರ ಚೆನ್ನಾಗಿಯೇ ಬಂದಿತ್ತು, ಆದರೆ ಅವರಿಗೆ ಸಮಾಧಾನವಾಗಲಿಲ್ಲ. ಅಷ್ಟು ವರ್ಷ ಎದುರಿಗೇ ನಿಂತಿದ್ದವನ ಮುಖ ತನ್ನ ಕ್ಯಾಮೆರಾದಿಂದ ತಪ್ಪಿಹೋಯಿತಲ್ಲ ಎಂದು ಎರಡು ಮೂರು ಸಲ ನನ್ನೆದುರು ಹೇಳಿಕೊಂಡರು.

ಚಿಕ್ಕಬಳ್ಳಾಪುರದಲ್ಲಿ ಒಂದು ಸ್ಟುಡಿಯೋ ಬಾಗಿಲು ಹಾಕುತ್ತಿತ್ತು. ಅಲ್ಲಿಂದ ಅವರು ಬೇರೊಂದು ಲೆನ್ಸು ತಂದರು. ಪರೀಕ್ಷೆ ಮಾಡಿ ನೋಡಿ, ಒಗ್ಗದಿದ್ದರೆ ಹಿಂದಕ್ಕೆ ಕೊಡಬಹುದೆಂದು ಮಾತಾಗಿತ್ತಂತೆ. ಭಾನುವಾರ ಬೆಳಿಗ್ಗೆ ನನ್ನ ರೂಮಿನ ಮುಂದೆ ನಿಂತು ಕರೆದರು. ರಜೆಯಲ್ಲಿ ಊರಿಗೆ ಹೋಗದೆ ಉಳಿಯುತ್ತಿದ್ದವನು ನಾನೊಬ್ಬನೇ.

ಶಾಲೆಯ ಹಿಂದಿನ ಗೋಡೆಗೆ ಉದ್ದಕ್ಕೂ ಹಳೆಯ ನ್ಯೂಸ್ ಪೇಪರು ಅಂಟಿಸಿದರು. ನನ್ನನ್ನು ಎಡಗಡೆಯ ಕೊನೆಯಲ್ಲಿ, ಜವಾನ ನಿಲ್ಲುತ್ತಿದ್ದಷ್ಟೇ ದೂರಕ್ಕೆ ನಿಲ್ಲಿಸಿದರು. ಲೆನ್ಸಿನೊಳಗೆ ತೆಳ್ಳನೆಯ ಎಲೆಗಳಿದ್ದವು. ಹೊರಗಿನ ಬಳೆ ತಿರುಗಿಸಿದರೆ ನಡುವಿನ ಕಿಂಡಿ ಕಿರಿದಾಗುತ್ತಿತ್ತು, ಹಿರಿದಾಗುತ್ತಿತ್ತು. ಅದನ್ನೇ ಅವರು ಅಪರ್ಚರ್ ಎನ್ನುತ್ತಿದ್ದರು. ಕಿಂಡಿ ದೊಡ್ಡದಾದರೆ ಬೆಳಕು ಬೇಗ ತುಂಬುತ್ತದೆ, ಅಂಚು ಕರಗುತ್ತದೆ. ಚಿಕ್ಕದಾದರೆ ಅಂಚು ನಿಲ್ಲುತ್ತದೆ, ಆದರೆ ಎದುರಿಗಿರುವವರು ಹೆಚ್ಚು ಹೊತ್ತು ಅಲುಗಾಡದೆ ಇರಬೇಕು. ಒಂದೊಂದು ಅಳತೆಗೂ ಮುಚ್ಚಳ ತೆಗೆದು, ಬಾಯಲ್ಲೇ ಎಣಿಸಿ, ಮುಚ್ಚಿದರು. ಫೋಟೋ ಹಿಡಿಯುವ ಗಾಜಿನ ಪ್ಲೇಟು ಸುಮ್ಮನೆ ಹಾಳಾಗಬಾರದೆಂದು ಫೋಟೋ ಕಾಗದದ ಚೂರುಗಳನ್ನೇ ಒಳಗಿಟ್ಟಿದ್ದರು.

ಅವರ ಮನೆಯ ಬಚ್ಚಲೇ ಕತ್ತಲೆಕೋಣೆ. ಅದಕ್ಕೆ ಹಿತ್ತಲಿಂದಲೇ ದಾರಿ ಇದ್ದುದರಿಂದ, ನನ್ನನ್ನು ಮನೆಯೊಳಗೆ ಕರೆಯುವ ಪ್ರಶ್ನೆ ಇಬ್ಬರಿಗೂ ಎದುರಾಗಲಿಲ್ಲ. ತೊಳೆದ ಚೂರುಗಳನ್ನು ಹಿತ್ತಲ ಕಲ್ಲಿನ ಮೇಲೆ ಜೋಡಿಸಿ ಭೂತಗನ್ನಡಿ ಹಿಡಿದು ನೋಡಿದೆವು. ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ ಬಂದಿತ್ತು. ಕಿಂಡಿ ಪೂರ್ತಿ ತೆರೆದಾಗ ತೆಗೆದದ್ದರಲ್ಲಿ ನಾನು ಯಾರೆಂದೇ ತಿಳಿಯುತ್ತಿರಲಿಲ್ಲ. ಕಿರಿದಾದಂತೆ ಮೂಗು ಬಂತು, ಕಣ್ಣು ಬಂತು, ಪಕ್ಕದ ಪೇಪರಿನ ಸಣ್ಣ ಅಕ್ಷರವೂ ಓದಲು ಬಂತು. ತೀರ ಕಿರಿದು ಮಾಡಿದಾಗ ಮತ್ತೆ ಎಲ್ಲವೂ ಸ್ವಲ್ಪ ಮಂಕು. ಅದರ ಹಿಂದಿನದೇ ಸರಿ ಎಂದು ಅವರು ತೀರ್ಮಾನಿಸಿದರು.

"ಬಾಗುಂದಿ, ಚಾಲಾ ಬಾಗುಂದಿ" ಎಂದು, ತುಂಬ ಚೆನ್ನಾಗಿದೆಯೆಂದು ತೆಲುಗಿನಲ್ಲೇ ಹಿಗ್ಗಿದರು. "ನೋಡಿ ಮೇಷ್ಟ್ರೇ, ಇನ್ಮೇಲೆ ಕೊನೇಲಿ ನಿಂತೋರ ಮುಖ ಹೋಗಲ್ಲ."

ಅವರ ಸಂತೋಷ ನೋಡಿ ನನಗೂ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬಾಯಿಂದ ಮಾತು ಹೊರಟೇಹೋಯಿತು.

"ಕೊನೇಲಿ ನಿಲ್ಲೋರು ಯಾವಾಗ್ಲೂ ಅವರೇ ಯಾಕೆ ಸಾರ್?"

ಅವರು ಚೂರುಗಳನ್ನು ಒಂದೊಂದಾಗಿ ಎತ್ತಿ ಬಕೆಟ್ಟಿಗೆ ಹಾಕಿದರು. ಆಮೇಲೆ ಕೆಲವು ದಿನ ಬಾಗಿಲ ಹತ್ತಿರ ನಿಲ್ಲದೆ ಹೋದರು. ಮಾತಾಡುತ್ತಿದ್ದ ಒಬ್ಬರನ್ನೂ ಕಳೆದುಕೊಂಡೆನೆಂದು ನನಗೆ ಊಟ ಸೇರುತ್ತಿರಲಿಲ್ಲ. ವರ್ಗ ಕೇಳಿಕೊಳ್ಳೋಣವೇ ಎಂದೂ ಯೋಚಿಸಿದೆ.

ವರ್ಷದ ಕೊನೆಯಲ್ಲಿ ಗ್ರೂಪ್ ಫೋಟೋ ದಿನ ಬಂತು. ಯಾರೂ ಹೇಳದೆಯೇ ನಾನು ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ಡ್ರಾಯಿಂಗ್ ಮೇಷ್ಟ್ರು ಕರಿಬಟ್ಟೆಯಿಂದ ತಲೆ ಹೊರಗೆ ತೆಗೆದು, ಈ ಸಲ ಎತ್ತರ ನೋಡಿ ನಿಲ್ಲಿಸಬೇಕು, ಕುಳ್ಳಗಿರುವವರು ಮುಂದೆ ಕುರ್ಚಿಯಲ್ಲಿ, ಎತ್ತರದವರು ಹಿಂದೆ ಎಂದರು. ಇದು ಯಾವಾಗಿನಿಂದ ಎಂದು ಹೆಡ್ ಮೇಷ್ಟ್ರು ಹುಬ್ಬು ಗಂಟಿಕ್ಕಿದರು.

"ಹೊಸ ಲೆನ್ಸು ಸಾರ್. ಎತ್ತರ ಹೊಂದಲಿಲ್ಲ ಅಂದ್ರೆ ಅಂಚು ಕೆಡುತ್ತೆ."

ಅದು ಶುದ್ಧ ಸುಳ್ಳೆಂದು ಆ ಅಂಗಳದಲ್ಲಿ ಗೊತ್ತಿದ್ದವರು ನಾವಿಬ್ಬರೇ. ಹೆಡ್ ಮೇಷ್ಟ್ರು ಕುಳ್ಳಗಿದ್ದರು, ನಾನು ಅವರಿಗಿಂತ ಕುಳ್ಳ. ಮೇಷ್ಟ್ರು ಬಂದು ನನ್ನ ತೋಳು ಹಿಡಿದು, ಹೆಡ್ ಮೇಷ್ಟ್ರ ಪಕ್ಕದ ಕುರ್ಚಿ ಎಳೆದು ಕೂಡಿಸಿದರು. ನನ್ನ ಇನ್ನೊಂದು ಪಕ್ಕದಲ್ಲಿದ್ದ ಹಿಸ್ಟರಿ ಮೇಷ್ಟ್ರು, ತಾನು ನಿಂತೇ ಇರುತ್ತೇನೆಂದು ಎದ್ದುಹೋದರು. ಆ ಜಾಗಕ್ಕೆ ಹೊಸ ಜವಾನನನ್ನು ಕರೆದದ್ದಾಯಿತು, ಅವನೂ ಗಿಡ್ಡ. ಎತ್ತರದ ಆಳಾದ ಕನ್ನಡ ಪಂಡಿತರು ಹಿಂದಿನ ಸಾಲಿನ ಕೊನೆಗೆ ಹೋಗಬೇಕಾಯಿತು.

"ಇಲ್ಲಿ ನನ್ನ ಮುಖ ಬರುತ್ತೇನಯ್ಯ?" ಎಂದು ಅವರು ಕೇಳಿದರು.

"ಬರುತ್ತೆ ಸಾರ್. ಪರೀಕ್ಷೆ ಮಾಡಿದ್ದೀನಿ. ಅಲ್ಲಾಡಬೇಡಿ ಅಷ್ಟೆ."

ಪಂಡಿತರ ಮುಖ ಕಿವಿಯ ಕೂದಲಿನವರೆಗೂ ನಿಚ್ಚಳವಾಗಿ ಬಂತು. ನನ್ನ ಪ್ರತಿಯನ್ನು ಊರಿಗೆ ಒಯ್ದು ಅಮ್ಮನಿಗೆ ತೋರಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಪಟವನ್ನು ತೆಗೆದುಕೊಂಡು, ಪಕ್ಕದಲ್ಲಿ ಕೂತವರು ಯಾರೆಂದು ಮತ್ತೆ ಮತ್ತೆ ಕೇಳಿದಳು.

ಮುಂದಿನ ವರ್ಷ ಡ್ರಾಯಿಂಗ್ ಮೇಷ್ಟ್ರಿಗೆ ಗೌರಿಬಿದನೂರಿನ ಕಡೆಗೆ ವರ್ಗವಾಯಿತು. ಫೋಟೋಗೆ ಪೇಟೆಯ ಸ್ಟುಡಿಯೋದವನು ಬಂದ, ಸಾಲು ಮೊದಲಿನಂತೆಯೇ ಆಯಿತು. ನಾನು ಮಾತ್ರ ಕೊನೆಯಲ್ಲಿ ನಿಲ್ಲಲು ಹೋಗಲಿಲ್ಲ. ಹಿಂದಿನ ವರ್ಷ ಕೂತಿದ್ದ ಕುರ್ಚಿಯಲ್ಲೇ ಹೋಗಿ ಕೂತೆ. ಯಾರೂ ಎಬ್ಬಿಸಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ಡ್ರಾಯಿಂಗ್ ಮೇಷ್ಟ್ರಿಗೆ ಕಾಯಿಲೆ ಎಂದು ತಿಳಿದು ನೋಡಲು ಹೋಗಿದ್ದೆ. ಜಗಲಿಯ ಮೇಲೆ ಹಾಕಿದ್ದ ಮಂಚದಲ್ಲಿ ಒರಗಿದ್ದರು. ಆ ದಿನದ ಸುಳ್ಳನ್ನು ನೆನಪಿಸಿ ನಗಿಸಲು ನೋಡಿದೆ. ಅವರು ನಗಲಿಲ್ಲ.

"ನೇರವಾಗಿ ಹೇಳೋ ಧೈರ್ಯ ಇರಲಿಲ್ಲ ಮೇಷ್ಟ್ರೇ. ಇದ್ದಿದ್ರೆ ಲೆನ್ಸಿನ ಹೆಸರು ಯಾಕೆ ಹೇಳ್ತಿದ್ದೆ?"

"ಧೈರ್ಯ ಇದ್ದೋರು ಆ ಸ್ಕೂಲಲ್ಲಿ ಬೇಕಾದಷ್ಟು ಜನ ಇದ್ರು ಸಾರ್. ಅವರ್ಯಾರೂ ನನ್ನನ್ನ ಕರೆದು ಕೂಡಿಸಲಿಲ್ಲ" ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಆಷಾಢದಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಚಿಂತಾಮಣಿಯಿಂದ ಬಂದ ನೆಂಟರಿಷ್ಟರು ನಡುಮನೆಯ ತುಂಬ ಕೂತಿದ್ದರು. ನಾನು ಬಾಗಿಲಲ್ಲೇ ನಿಂತೆ. ಅವರ ಹೆಂಡತಿ ತಲೆಯೆತ್ತಿ ನೋಡಿ, "ನಮ್ಮೋರ ಸ್ನೇಹಿತರು ಬಂದವ್ರೆ, ಜಾಗ ಬಿಡಿ" ಎಂದರು. ಜನ ಅತ್ತಿತ್ತ ಸರಿದರು. ನಾನು ಒಳಗೆ ಹೋಗಿ ಅವರ ನಡುವೆ ಕೂತೆ.