ಒಮ್ಮೆ ಬೆಂದ ಮಣ್ಣು

ಮಡಕೆ ಮಾಡುವ ನಮ್ಮ ದೊಡ್ಡಮ್ಮನಿಗೆ ನುಣುಪು ಮಣ್ಣೆಂದರೆ ಆಗದು. “ಮುಟ್ಟೋಕೆ ಬೆಣ್ಣೆ, ಒಲೆ ಮೇಲಿಟ್ರೆ ಚಟ್ ಅಂತ ಸೀಳುತ್ತೆ,” ಎಂದು ಮೂಗು ಮುರಿಯುತ್ತಿದ್ದಳು. ಬೀದಿಯವರು ತಂದುಕೊಡುವ ಒಡೆದ ಮಡಕೆಗಳನ್ನು ಕುಟ್ಟಿ, ಆ ಪುಡಿಯನ್ನು ಹಸಿ ಮಣ್ಣಿಗೆ ಬೆರೆಸುತ್ತಿದ್ದಳು. “ಒಮ್ಮೆ ಬೆಂದಿದ್ದು ಬೆಂಕಿಗೆ ಹೆದರಲ್ಲ ಕಣೇ,” ಎನ್ನುತ್ತಿದ್ದಳು.

ಗಂಡನ ಏಟು ತಾಳಲಾರದೆ ಸ್ವಂತ ಮಗಳು ಬಂದು ನಿಂತ ದಿನ ದೊಡ್ಡಮ್ಮನಿಗೆ ಯಾವ ಗರ ಬಡಿದಿತ್ತೋ, “ಜನ ಆಡ್ಕೊಳ್ತಾರೆ, ಹೊಂದ್ಕೊಂಡು ಹೋಗು,” ಎಂದು ಬಾಗಿಲಿಂದಲೇ ಕಳಿಸಿಬಿಟ್ಟಳು. ಮಗಳು ಗಂಡನ ಮನೆಗೂ ಹೋಗಲಿಲ್ಲ, ಇಲ್ಲಿಗೂ ಮತ್ತೆ ಬರಲಿಲ್ಲ.

ಈಗ ದೊಡ್ಡಮ್ಮನ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಚೂರು. ಮೊನ್ನೆ ಯಾರೋ ತಂದ ಗಾಜಿನ ಚೂರನ್ನೂ ತೆಗೆದುಕೊಂಡಳು.

“ಗಾಜು ಮಣ್ಣಿಗೆ ಕೂಡಲ್ಲ ಅಂತ ನೀನೇ ಬೈತಿದ್ದೆಯಲ್ಲ ದೊಡ್ಡಮ್ಮ, ಇದ್ಯಾಕೆ?” ಎಂದೆ.

“ಒಡೆದು ಬಾಗಿಲಿಗೆ ಬಂದಿದ್ದನ್ನ ವಾಪಸ್ ಕಳಿಸೋಕೆ ಮನಸ್ಸೇ ಬರಲ್ಲ ಕಣೇ,” ಎಂದಳು.