ನಿಂಬೆವ್ವನ ಕೈ ಹತ್ತಿದ ಗಾಡಿ

ಮದಿವಿ ಮನಿ ಅಂದ ಮ್ಯಾಲ ಮುಂಜಾನೆದ್ದು ಹೆಂಗಸರೆಲ್ಲ ಅರಿಷಿಣ-ಕುಂಕುಮ, ಹೂವು-ಹಣ್ಣು ಅಂತ ಓಡಾಡ್ತಿರತಾರ. ಆಳಂದದ ನಿಂಬೆವ್ವ ಮಾತ್ರ ಸೆರಗು ಟೊಂಕಕ್ಕ ಸಿಗಿಸಿ, ಬೇವಿನ ಗಿಡದ ನೆರಳಾಗ ನಿಂತು ತನ್ನ ಬಿಳಿ ಕಾರು ತಿಕ್ಕಾಕತ್ತಿದ್ದಳು. ಪ್ರೀತಿಲೆ ಶುರು ಮಾಡಿದ್ದಳು, ಖರೆ. ಅರ್ಧಾ ಗಾಡಿ ಮುಗಿಯೂದ್ರಾಗ ಸಿಟ್ಟು ಬಂತು. ಆಮ್ಯಾಲಿಂದೆಲ್ಲ ಸಿಟ್ಟಿನ್ಯಾಗ ತಿಕ್ಕಿದ್ದ.

ಸಿಟ್ಟು ತರಿಸಿದಾವ ಬ್ಯಾರೆ ಯಾರೂ ಅಲ್ಲ, ಒಡಹುಟ್ಟಿದ ಅಣ್ಣ ಮಾಳಿಂಗಪ್ಪ. ಚಹಾದ ಕಪ್ಪು ಹಿಡ್ಕೊಂಡು ಅಂಗಳಕ್ಕ ಬಂದ. ಗಾಡಿ ನೋಡಿದ, ಗಿಡ ನೋಡಿದ, ತಂಗಿ ಮಾರಿ ಒಂದು ಬಿಟ್ಟು ಎಲ್ಲಾ ನೋಡಿದ.

"ನಿಂಬೀ, ಗಾಡಿ ಕಲ್ಯಾಣಪ್ಪ ಹೊಡೀತಾನ. ನೀ ಹಿಂದಿನ ಕ್ರೂಸರ್‌ ಜೀಪಿನ್ಯಾಗ ಹೆಣ್ಮಕ್ಕಳ ಜೋಡಿ ಬಾ."

"ಯಾಕ? ನನಗೇನು ಕೈಕಾಲು ಬಿದ್ದಾವೇನು?"

"ಹಂಗಲ್ಲಬೇ. ಮದಿಮಗ ಕೂಡೋ ಗಾಡಿ ಅದು. ಮುಂದ ನೀ ಕೂತ್ರ... ಬೀಗರ ಮಂದಿ ಏನಂದಾರು? ನೀನ ತಿಳ್ಕೋ."

ತಿಳ್ಕೊಂಡಳು. ಬರೋಬ್ಬರಿ ತಿಳ್ಕೊಂಡಳು. ಗಂಡ ಸತ್ತಾಕಿ ಮದಿಮಗನ ಮುಂದ ಕೂಡಬಾರದು, ಇಷ್ಟ ಮಾತು. ಅದನ್ನ ಬಾಯಿಬಿಟ್ಟು ಹೇಳಾಕ ಧೈರ್ಯ ಇಲ್ಲದ ಗಂಡಸು ಚಹಾ ಕುಡದು ಕಪ್ಪನ್ನ ಗಾಡಿ ಮ್ಯಾಲೆ ಇಟ್ಟು ಹೋದ. ಈಗಷ್ಟ ತಿಕ್ಕಿದ ಬಾನೆಟ್ಟಿನ ಮ್ಯಾಲೆ! ಕಪ್ಪಿನ ತಳದ್ದು ಗುಂಡನ ಕಲೆ ಬಿತ್ತು. ನಿಂಬೆವ್ವಗ ಮೈಯೆಲ್ಲಾ ಉರೀತು.

ಈಗ ನೀವ ಹೇಳ್ರಿ. ಮದಿವಿ ಹೊಂಟಿದ್ದು ಯಾರ ಮನಿಯಿಂದ? ನಿಂಬೆವ್ವನ ಮನಿಯಿಂದ. ಮದಿಮಗ ಶ್ರೀಮಂತ ಬೆಳದಿದ್ದು ಯಾರ ಕೈಯಾಗ? ಆಕಿ ಕೈಯಾಗ. ಜೇವರ್ಗಿ ಕಡಿ ಹಳ್ಳ್ಯಾಗ ಸಾಲಿ ಬರೋಬ್ಬರಿ ಇಲ್ಲಂತ ಮಾಳಿಂಗಪ್ಪ ತಾನ ಮಗನ್ನ ತಂದು ಆಕಿ ಹತ್ತಿರ ಬಿಟ್ಟಿದ್ದ. ಆಗ ಆಕಿ ಗಂಡ ಶಿವರಾಯ ಸತ್ತು ವರ್ಷ ಆಗಿದ್ದಿಲ್ಲ. ಬಸ್ಸಿನ ಕಂಡಕ್ಟರ್ ಇದ್ದ ಶಿವರಾಯ, ಎದಿ ನೋವು ಅಂತ ಕೂತಾವ ಏಳಲಿಲ್ಲ. ಮಕ್ಕಳು ಆಗಿದ್ದಿಲ್ಲ. ಸರ್ಕಾರಿ ದವಾಖಾನ್ಯಾಗ ನರ್ಸಿನ ನೌಕರಿ ಮಾಡ್ಕೋತ, ಆ ಹುಡುಗಗ ಉಣಿಸಿ, ಜ್ವರ ಬಂದ್ರ ಹಣಿಗಿ ತಣ್ಣೀರ ಪಟ್ಟಿ ಹಾಕಿ, ಕಾಲೇಜ ಓದಿಸಿ, ಬ್ಯಾಂಕಿನಾಗ ಕೂಡಿಸಿದಾಕಿ ಆಕಿ. ಆವಾಗ ಯಾರಿಗೂ ಈ ಶಕುನ-ಅಪಶಕುನ ನೆನಪಾಗಿದ್ದಿಲ್ಲ.

ಗಾಡಿದೂ ಒಂದು ಕತಿ. ರಾತ್ರಿ-ಹಗಲು ಅನ್ನದೇ ಹಳ್ಳಿಗಿ ಬಾಣಂತ್ಯಾರ ಕಡಿ ಹೋಗಬೇಕು, ಬಸ್ಸಿಗೆ ಕಾಯಕೋತ ನಿಲ್ಲೋದು ಸಾಕಾಗಿ ತಗೊಂಡಿದ್ದು. ಡ್ರೈವಿಂಗ್ ಕಲಿಸಿದಾವ ಬಸ್‌ಸ್ಟ್ಯಾಂಡ್ ಹತ್ತಿರದ ಇಸ್ಮಾಯಿಲ. "ಬಾಯಿ, ಕ್ಲಚ್ ಬಿಡ್ರಿ, ನನ್ನ ಜೀವಾ ಅಲ್ಲ" ಅಂತ ಚ್ಯಾಷ್ಟಿ ಮಾಡ್ಕೋತ ಕಲಿಸಿದ. ಓಣ್ಯಾಗ ಕಾರು ಹೊಡ್ಯೋ ಮದಲನೇ ಹೆಣ್ಮಗಳು ನಿಂಬೆವ್ವ. ಬಿಳಿ ಬಣ್ಣ ಯಾಕಂದ್ರ ಈ ಬಿಸಲಿಗೆ ಬಿಳೀದ ತಂಪು. ಆದ್ರ ಅಣ್ಣನ ಹೆಂಡ್ತಿ, ವೈನಿ ಹೀರಾಬಾಯಿ ಮದಲ ದಿನಾನ ಮೂಗ ಮುರಿದು, "ಬಿಳಿ ಯಾಕ ತಗೊಂಡಿ, ನೋಡಿದ್ರ ಹೊಟ್ಯಾಗ ಹೆಂಗೋ ಆಕ್ಕದ" ಅಂದಿದ್ದಳು. ಹೊಟ್ಯಾಗ ಹೆಂಗೋ ಆಗಿದ್ದು ಬಣ್ಣಕ್ಕಲ್ಲ, ಅದು ನಿಂಬೆವ್ವಗೂ ಗೊತ್ತಿತ್ತು.

ಐತವಾರ ಬಂತಂದ್ರ ಗಾಡಿಗಿ ಮೇಣ ತಿಕ್ಕೋದು ಆಕಿ ನೇಮ. ಮದಲ ನೀರು ಹೊಡದು ಧೂಳು ಇಳಿಸಬೇಕು. ಆಳಂದದ ಧೂಳು ಅಂದ್ರ ಬರೇ ಧೂಳಲ್ಲ, ತೊಗರಿ ಹೊಟ್ಟು, ಜ್ವಾಳದ ರವದಿ, ಟ್ರ್ಯಾಕ್ಟರಿನ ಹೊಗಿ ಎಲ್ಲಾ ಕೂಡಿದ್ದು. ಅದರ ಮ್ಯಾಲೆ ಅರಬಿ ಆಡಿಸಿದ್ರ ಗೆರಿ ಬೀಳ್ತಾವ. ಒಣಗಿದ ಮ್ಯಾಲೆ ಡಬ್ಬ್ಯಾಗಿನ ಮೇಣ ಇಷ್ಟ ತಗೊಂಡು, ಅಂಗೈಯಷ್ಟಗಲ ಜಾಗಾದಾಗ ಗುಂಡಗ ತಿಕ್ಕಬೇಕು. ಅದು ಮಬ್ಬು ಕಟ್ಟಿತಂದ್ರ ಮೆತ್ತನ ಅರಬಿಲೆ ತಗೀಬೇಕು. ಕಪ್ಪು ಗಾಡಿ ಇದ್ರ ಎಲ್ಲಿ ಹಚ್ಚೀನಿ, ಎಲ್ಲಿ ಬಿಟ್ಟೀನಿ ತಟ್ಟನ ಕಾಣ್ತದ. ಬಿಳೀದ್ರಾಗ ಏನೂ ಕಾಣಂಗಿಲ್ಲ. ಕುತಿಗಿ ವಾರಿ ಮಾಡಿ ಬೆಳಕಿಗೆ ನೋಡಬೇಕು, ಅದಕ್ಕೂ ತಿಳೀಲಿಲ್ಲಂದ್ರ ಮುಂಗೈಲೆ ಸವರಿ ನೋಡಬೇಕು. ತಿಕ್ಕೋ ಅರಬಿ ಶಿವರಾಯನ ಹಳೇ ಧೋತರ. ತೊಳದು ತೊಳದು ಕೂಸಿನ ಕೌದಿಯಂಗ ಮೆತ್ತಗ ಆಗಿತ್ತು.

ಈ ಕಲ್ಯಾಣಪ್ಪ ಯಾರಂದ್ರ ಹೀರಾಬಾಯಿ ತಮ್ಮ. ತೊಗರಿ ಚೀಲ ಹೇರೋ ಟೆಂಪೋ ಹೊಡೀತಿದ್ದ, ಕಾರನ್ನೂ ಹಂಗ ಹೊಡೀತಿದ್ದ. ಹಿಂದೊಮ್ಮೆ ಹುಣ್ಣಿವಿಗೆ ಗಾಣಗಾಪುರಕ್ಕ ಅಂತ ಬೇಡಿ ಒಯ್ದು, ಬಂಪರಿಗೇ ತೆಂಗಿನಕಾಯಿ ಒಡದು ತೆಗ್ಗು ಬೀಳಿಸಿ, ಕುಂಕುಮದ ನೀರು ಬಾನೆಟ್ಟಿನ ಮ್ಯಾಲೆ ಒಣಗಿಸಿ ತಂದಿದ್ದ. ಆ ಕೆಂಪು ತಗ್ಯಾಕ ನಿಂಬೆವ್ವನ ರಟ್ಟಿ ಹೋಗಿದ್ದವು. ಅಂಥಾವನ ಕೈಯಾಗ ಇವತ್ತು ಕೀಲಿ ಕೊಡಬೇಕಂತ!

ನಿನ್ನಿ ಮದಿಮಗಗ ಸುರಗಿ ನೀರು ಹಾಕೋವಾಗ ಆಕಿನ್ನ ಅಡಗಿಮನ್ಯಾಗ ನಿಲ್ಲಿಸಿದ್ರು. ಸುಮ್ನಿದ್ದಳು. ಅರಿಷಿಣ ಹಚ್ಚೋವಾಗ ಐದು ಮಂದಿ ಮುತ್ತೈದ್ಯಾರು ಬರ್ರಿ ಅಂತ ಕೂಗಿದ್ರು, ಆಕಿ ಭಾಂಡಿ ಎಣಿಸೋ ನೆವ ಮಾಡಿ ಹಿತ್ತಲಕ್ಕ ಹೋದಳು. ಅದನ್ನೂ ನುಂಗಿದಳು. ಆದ್ರ ಸ್ಟೇರಿಂಗ ಹಿಡಕೊಂಡು ಶ್ರೀಮಂತನ್ನ ಅಫಜಲಪುರದ ಮಂಟಪದ ಬಾಗಲಕ್ಕ ತಾನ ಇಳಸಬೇಕು ಅನ್ನೋದು ಆಕಿ ಆಸಿ. ಅದೊಂದ ಇಟ್ಕೊಂಡಿದ್ದಳು. ಆ ಒಂದಕ್ಕೂ ಕೈ ಹಾಕಿದ್ರಲ್ಲ, ಇವರ ಮನಿ ಹಾಳಾಗ!

ಒಂಬತ್ತರ ಹೊತ್ತಿಗೆ ಮದಿಮಗನ ಗೆಳ್ಯಾರು ಚೆಂಡುಹೂವಿನ ಮಾಲಿ ತಂದರು. ಟೇಪ್ ಹಚ್ಚಿ ಬಾನೆಟ್ಟಿಗೆ ಅಂಟಿಸಿದ್ರು. ಮಾಲಿ ಜಾರಿ ನೆಲಕ್ಕ ಬಿತ್ತು. ಮತ್ತ ಅಂಟಿಸಿದ್ರು, ಮತ್ತ ಬಿತ್ತು. "ಟೇಪ್ ಖರಾಬದ ಲೇ" ಅಂತ ಬೈಕೊಂಡ್ರು.

ಅಷ್ಟ್ರಾಗ ಶ್ರೀಮಂತನ ಅಕ್ಕ ಭಾಗ್ಯಾ ಕೂಸಿನ್ನ ಟೊಂಕದ ಮ್ಯಾಲೆ ಇಟ್ಕೊಂಡು ತಾಟು ಹಿಡಕೊಂಡು ಬಂದಳು. ಹಿಂದ ಹೀರಾಬಾಯಿ, ಅವರ ಹಿಂದ ನೆಂಟರ ಹೆಂಗಸರು. ಭಾಗ್ಯಾ ಕಲಸಿದ ಅರಿಷಿಣದಾಗ ಬೆರಳು ಅದ್ದಿ ಬಾನೆಟ್ಟಿನ ಮ್ಯಾಲೆ ಎಳದಳು. ಅರಿಷಿಣ ಹತ್ತಲಿಲ್ಲ. ಗುಳ್ಳಿ ಗುಳ್ಳಿ ಆಗಿ ಉರುಳಿ ಬಂಪರಿನ ಮ್ಯಾಲಿಂದ ಮಣ್ಣಿಗೆ ಬಿತ್ತು. ಮತ್ತೊಮ್ಮೆ ಹಚ್ಚಿದಳು, ಅದೂ ಜಾರ್ತು. ಅದರ ಹಿಂದ ಕುಂಕುಮಾನೂ ಹೋತು. ಬಿಳಿ ಗಾಡಿ ಮದಲಿದ್ದಂಗ ಬೆಳ್ಳಗ ನಿಂತಿತ್ತು.

"ಅಯ್ಯಯ್ಯ!" ಹೀರಾಬಾಯಿ ಎದಿ ಮ್ಯಾಲೆ ಕೈ ಇಟ್ಕೊಂಡಳು. "ಅರಿಷಿಣ ನಿಲ್ಲವಲ್ದಲ್ಲೋ ಯಪ್ಪಾ! ಹೂವು ನಿಲ್ಲವಲ್ದು, ಅರಿಷಿಣ ನಿಲ್ಲವಲ್ದು! ಮುಂಜಾನಿಂದ ಆಕಿ ಕೈ ಹಚ್ಚಾಕತ್ತಾಳ ಗಾಡಿಗಿ. ನಾ ಆಕಿ ಅಣ್ಣಗ ಹೇಳಿದ್ದೆ, ಯಾರು ಕೇಳ್ತಾರ ನನ್ನ ಮಾತು?"

ಹೆಂಗಸರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಯಾರೋ ಒಬ್ಬಾಕಿ ಲಚಲಚ ಅಂದಳು. ನೆರಿಮನಿ ಪ್ಯಾರಿಬಿ ಗ್ವಾಡಿ ಮ್ಯಾಲಿಂದ ಇಣುಕಿ, "ಅರೇ ಹೀರಾಬಾಯಿ, ಅದು ಪಾಲಿಶ್ ಅದ, ಮ್ಯಾಲೆ ನೀರ ನಿಲ್ಲಂಗಿಲ್ಲ" ಅಂದಳು. ಪ್ಯಾರಿಬಿ ಮಾತು ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ನಿಂಬೆವ್ವ ಧೋತರದ ಅರಬಿ ಬಕೀಟಿಗೆ ಒಗದಳು. ನೀರು ಸಿಡದು ಹೀರಾಬಾಯಿ ರೇಷ್ಮಿ ಸೀರಿಗೆ ಹಾರ್ತು.

"ಮೇಣ ಹಚ್ಚೀನಿ ವೈನಿ. ಮೇಣದ ಮ್ಯಾಲೆ ನೀರು ನಿಲ್ಲಂಗಿಲ್ಲ, ಅರಿಷಿಣಾ ನಿಲ್ಲಂಗಿಲ್ಲ, ಇವತ್ತ ನಿಂದೂ ನಡ್ಯಂಗಿಲ್ಲ. ಏನಂದಿ, ನನ್ನ ಕೈಯಾ? ಹೋದ ಶ್ರಾವಣದಾಗ ಭಾಗ್ಯಾಗ ಬ್ಯಾನಿ ಎದ್ದಾಗ ದವಾಖಾನಿ ಬಾಗಲದಾಗ ನನ್ನ ಎರಡೂ ಕೈ ಹಿಡ್ಕೊಂಡು ಏನಂದಿದ್ದಿ? 'ನಿಂಬೆವ್ವ, ನೀನ ಕೈ ಹಚ್ಚಬೇ, ಮತ್ತೊಬ್ಬರು ಬ್ಯಾಡ' ಅಂದಿದ್ದಿ. ಆವಾಗ ಈ ಕೈ ನೆಟ್ಟಗಿತ್ತೇನು? ಈ ಕೂಸಿನ್ನ ಮದಲ ಮುಟ್ಟಿದ್ದ ಈ ಕೈ. ತೊಳಿ ಹೋಗು ಕೂಸಿನ್ನ! ತೊಳಿ, ನೋಡೂಣು!"

ಮಾಳಿಂಗಪ್ಪ ಓಡಿ ಬಂದ. "ಏ ನಿಂಬೀ, ಮಂದಿ ಮುಂದ ಇಜ್ಜತ್ ಕಳೀಬ್ಯಾಡ."

"ನಿನ್ನ ಇಜ್ಜತ್ ಬಾನೆಟ್ಟಿನ ಮ್ಯಾಲೆ ಚಹಾದ ಕಪ್ಪು ಇಟ್ಟಲ್ಲೇ ಹೋಗೇದ ಅಣ್ಣಾ. ಈ ಗಾಡ್ಯಾಗ ನನ್ನ ಕೈ ಹತ್ತಲಾರದ ಜಾಗಾ ಒಂದರ ತೋರ್ಸು. ಬಾಗಲಾ, ಛತ್ತು, ಗಾಲಿ, ಸೀಟು... ಎಲ್ಲೆದ? ತೋರ್ಸು, ಅಲ್ಲೇ ನಿನ್ನ ಮಗನ್ನ ಕೂಡಸೂಣು."

ಆಗ ಒಳಗಿಂದ ಶ್ರೀಮಂತ ಬಂದ. ಜರಿ ರುಮಾಲು, ಹೊಸ ಶೇರವಾನಿ. ನಿಂಬೆವ್ವ ಅವನ ಮಾರಿ ನೋಡಿದಳು. ಇಡೀ ಮುಂಜಾನಿ ತಡಕೊಂಡ ಜೀವ ಅವನ ಒಂದು ಮಾತಿಗೆ ಕಾಯಾಕತ್ತಿತ್ತು. 'ಗಾಡಿ ಅತ್ತಿನೇ ಹೊಡೀಲಿ', ಇಷ್ಟ ಅಂದ್ರ ಸಾಕಿತ್ತು.

ಶ್ರೀಮಂತ ನೆಲ ನೋಡ್ಕೋತ ಅಂದ: "ಅತ್ತಿ, ಹೊತ್ತಾಗ್ಯಾದ. ಎಲ್ಲಾರೂ ನೋಡಾಕತ್ತಾರ. ಇವತ್ತೊಂದಿನ ಕೀಲಿ ಕೊಟ್ಟುಬಿಡು."

ಅಣ್ಣ ಅಂದಾಗ ಉರಿ ಹತ್ತಿತ್ತು. ಇವ ಅಂದಾಗ ಆಕಿ ಕೀಲಿ ಮುಷ್ಟ್ಯಾಗ ಹಿಡಕೊಂಡಳು. ಕಣ್ಣಾಗ ನೀರು ಬಂದದ್ದೂ ಸಿಟ್ಟಿಗೇ.

"ಇವತ್ತೊಂದಿನಾ?" ಅಂದಳು. ದನಿ ಏರಲಿಲ್ಲ, ಇಳೀತು. "ಶಿವರಾಯ ಹೋದ ದಿನದಿಂದ ಎಲ್ಲಾರೂ ನನಗ ಇವತ್ತೊಂದಿನ ಅಂತಾನ ಬಂದಾರ. ಇವತ್ತೊಂದಿನ ಹಿಂದ ನಿಲ್ಲು, ಇವತ್ತೊಂದಿನ ಮುಂದ ಬರಬ್ಯಾಡ. ಯಾವ ದಿನ ನಂದು, ಅದರ ಹೇಳಪ್ಪಾ."

ಕಲ್ಯಾಣಪ್ಪ ಕೀಲಿಗಿ ಕೈ ಚಾಚಿದ. ನಿಂಬೆವ್ವ ಆ ಕೈ ನೋಡಿದ ರೀತಿಗೆ ಅವ ಕೈಯನ್ನ ಮೆಲ್ಲಕ ಅಂಗಿ ಕಿಸೇದಾಗ ಇಟ್ಕೊಂಡ.

ಆಕಿ ಬಾಗಲಾ ತಗದು ಸ್ಟೇರಿಂಗಿನ ಮುಂದ ಕೂತಳು. ಗಾಡಿ ಚಾಲೂ ಮಾಡಿದಳು. ಕಿಡಕಿ ಇಳಿಸಿ ಹೊರಗಿನ ಎಲ್ಲಾರಿಗೂ ಕೇಳೂವಂಗ ಅಂದಳು: "ನಾ ಅಫಜಲಪುರಕ್ಕ ಹೊಂಟೀನಿ. ನನ್ನ ಮನಿ ಮದಿವಿ. ಬರೋರು ಬರ್ರಿ, ಬಿಡೋರು ಬಿಡ್ರಿ."

ಆಮ್ಯಾಲೆ ಭಾಗ್ಯಾ ಕೈಯಾಗಿನ ತಾಟು ಅವ್ವನ ಕೈಗೆ ಕೊಟ್ಟಳು. ಅರಿಷಿಣದ ಕೈಲೇ ಮುಂದಿನ ಬಾಗಲಾ ತಗದು, ಕೂಸಿನ್ನ ತೊಡಿ ಮ್ಯಾಲೆ ಹಾಕ್ಕೊಂಡು ಅತ್ತಿ ಬಾಜೂಕ ಕೂತಳು.

"ಭಾಗ್ಯಾ!" ಹೀರಾಬಾಯಿ ಒದರಿದಳು.

"ಸುಮ್ನಿರವ್ವ. ಅವತ್ತ ನೀ ಬಾಗಲದಾಚಿ ಇದ್ದಿ. ಒಳಗ ನನ್ನ ಕೈ ಹಿಡಕೊಂಡು ನಿಂತಾಕಿ ಅತ್ತಿ." ಆಮ್ಯಾಲೆ ತಮ್ಮನ ಕಡಿ ತಿರುಗಿ ಗದರಿಸಿದಳು: "ಏನ ಗಿಡಾ ನಿಂತಂಗ ನಿಂತಿಯಲೇ? ಕೂಡು ಬಾ. ಇಲ್ಲಾಂದ್ರ ಕ್ರೂಸರಿನ ಟಪ್ಪಿನ ಮ್ಯಾಲೆ ಹತ್ತು."

ಶ್ರೀಮಂತ ಅಪ್ಪನ ಮಾರಿ ನೋಡಿದ, ಅವ್ವನ ಮಾರಿ ನೋಡಿದ. ಹಿಂದಿನ ಬಾಗಲಾ ತಗದು ಒಳಗ ಕೂತ. ಮಾಳಿಂಗಪ್ಪ ಕ್ರೂಸರ್ ಕಡಿ ನಡದ. ಗ್ವಾಡಿ ಮ್ಯಾಲಿಂದ ಪ್ಯಾರಿಬಿ, "ಶಾಬಾಸ್ ನಿಂಬೆವ್ವ!" ಅಂತ ಕೂಗಿದಳು.

ಮುಂದಿನ ಬಾಗಲದ ಮ್ಯಾಲೆ ಭಾಗ್ಯಾನ ಬೆರಳಿನ ಅರಿಷಿಣ ಇನ್ನೂ ಜಾರಕೋತ ಇಳಿಯಾಕತ್ತಿತ್ತು. ಬ್ಯಾರೆ ದಿನಾ ಆಗಿದ್ರ ನಿಂಬೆವ್ವ ಗಾಡಿ ಬಂದ್ ಮಾಡಿ ಇಳದು ಒರಸೇ ಬಿಡ್ತಿದ್ದಳು. ಇವತ್ತ ಅದರ ಕಡಿ ನೋಡಲಿಲ್ಲ.

ಓಣಿ ತಿರುವಿಗೆ ಬಂದಾಗ ಹಿಂದಿಂದ ಶ್ರೀಮಂತ ಮೆಲ್ಲಕ ಕೇಳಿದ: "ಅತ್ತಿ... ಸಿಟ್ಟು ಹೋತಿಲ್ಲೋ?"

ನಿಂಬೆವ್ವ ಕನ್ನಡ್ಯಾಗ ನೋಡಿದಳು. ಅವನ ರುಮಾಲು ವಾರಿ ಆಗಿತ್ತು. ಸಣ್ಣಾಂವ ಇದ್ದಾಗಿಂದ ಅವನ ಟೋಪಿ, ಕಾಲರು ಸರಿ ಮಾಡಿದ ಕೈ ಈಗೂ ಎದ್ದಿತ್ತು. ಆಕಿ ಅದನ್ನ ಗೇರಿನ ಮ್ಯಾಲೇ ಇಟ್ಟಳು.

"ಇಲ್ಲ," ಅಂದಳು. "ಹೋಗಿಲ್ಲ. ಬಾಗಲಾ ಗಟ್ಟಿ ಹಾಕ್ಕೊಂಡು ಕೂಡು."