ಸವತಿಯ ಡಿಸ್ಕು

ವಸಂತಳಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಕುಂದೂರಿನ ಒಕ್ಕಲು ಮನೆಯಲ್ಲಿ ಮೂವರು ಅಕ್ಕಂದಿರ ಬೆನ್ನಿಗೆ ಹುಟ್ಟಿದವಳು ಅವಳು. ಲಂಗ ಅಕ್ಕನದು, ಪುಸ್ತಕ ಅಕ್ಕನದು, ಕೊನೆಗೆ ಶಾಲೆಯ ಚೀಲದ ಮೇಲೆ ಹೊಲಿದಿದ್ದ ಹೆಸರೂ ಅಕ್ಕನದೇ. ಆ ಹೆಸರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಅಪ್ಪನ ಬ್ಲೇಡು ಕದ್ದು ಹೆಸರಿನ ದಾರವನ್ನು ಕೆರೆಯಲು ಕೂತಳು. ಹೆಸರೇನೋ ಹೋಯಿತು, ಅದರ ಜೊತೆಗೆ ಬಟ್ಟೆಯೂ ಹೋಯಿತು. ವರ್ಷವಿಡೀ ತೂತು ಬಿದ್ದ ಚೀಲ ಹೊತ್ತು, ದಾರಿಯುದ್ದಕ್ಕೂ ಪೆನ್ಸಿಲ್ ಉದುರಿಸಿಕೊಂಡು ಶಾಲೆಗೆ ಹೋದಳು. ಅಷ್ಟಾದರೂ ಬುದ್ಧಿ ಬಂತೇ ಎಂದರೆ, ಅದೂ ಇಲ್ಲ.

ಅಕ್ಕಂದಿರ ಮದುವೆ, ಅವರ ಬಾಣಂತನ, ಅಪ್ಪನ ಕಾಯಿಲೆ ಎಲ್ಲ ಮುಗಿಯುವ ಹೊತ್ತಿಗೆ ವಸಂತಳ ವಯಸ್ಸು ಮೂವತ್ತು ದಾಟಿತ್ತು. ಆಗ ಬಂದ ಸಂಬಂಧ ರವಿಚಂದ್ರನದು. ದೋಣಿಗಲ್ಲಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಹಾಕುವುದು, ಹಣ್ಣಿನ ತೂಕ ನೋಡುವುದು, ಸ್ಟೋರಿನ ಬೀಗ ಕಾಯುವುದು ಅವನ ಕೆಲಸ. ಕುಡಿಯುವುದಿಲ್ಲ, ಕೂಗಾಡುವುದಿಲ್ಲ, ಇರಲು ಎಸ್ಟೇಟಿನದೇ ಹೆಂಚಿನ ಮನೆ. ಮೊದಲ ಹೆಂಡತಿ ಬಿಂದುಶ್ರೀ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯವರೆಲ್ಲ ಒಳ್ಳೆಯ ಸಂಬಂಧವೆಂದರು. ವಸಂತ ಮಾತ್ರ ಗಂಡನೂ ಬಳಸಿದ್ದೇ ಸಿಕ್ಕಿತಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ನಾಲಿಗೆ ಕಚ್ಚಿಕೊಂಡಳು.

ಮದುವೆಯ ದಿನ ಅತ್ತೆ ಮೀನಾಕ್ಷಮ್ಮ ತಾಳಿಯ ಜೊತೆಗೆ ಇನ್ನೊಂದು ಬಿಲ್ಲೆ ತಂದರು. ನಾಲ್ಕಾಣೆಯಷ್ಟಗಲದ ಚಿನ್ನದ ಬಿಲ್ಲೆ, ಅದರ ಮೇಲೊಂದು ಹೆಣ್ಣಿನ ಗುರುತು. ಸವತಿ ಬಿಲ್ಲೆ. ಎರಡನೆಯವಳಾಗಿ ಬಂದವಳು ತೀರಿಹೋದ ಮೊದಲನೆಯವಳನ್ನು ಕೊರಳಲ್ಲಿ ಇಟ್ಟುಕೊಂಡೇ ಬಾಳಬೇಕು, ಹೊಸ ಸೀರೆ ತಂದರೆ ಮೊದಲು ಅವಳ ಫೋಟೋದ ಮುಂದಿಟ್ಟು ಆಮೇಲೆ ಉಡಬೇಕು, ಹಿರಿಯರ ಹಬ್ಬದಲ್ಲಿ ಅವಳಿಗೆ ಎಡೆ ಇಡಬೇಕು.

"ಅವ್ಳ ಮನ್ಸಿಗೆ ನೋವಾಗ್ಬಾರ್ದು ಕಣವ್ವ, ಅವ್ಳೂ ಈ ಮನೆ ಮಗ್ಳಂಗಿದ್ದೋಳು" ಎಂದು ಮೀನಾಕ್ಷಮ್ಮ ಕಣ್ಣೊರೆಸಿಕೊಂಡು ದಾರಕ್ಕೆ ಬಿಲ್ಲೆ ಪೋಣಿಸಿದರು. ಮದುವೆ ಮುಗಿಸಿ ಅವರು ಹೆಗ್ಗದ್ದೆಯ ದೊಡ್ಡ ಮಗನ ಮನೆಗೆ ಹೊರಟುಹೋದರು. ಬಿಲ್ಲೆ ವಸಂತಳ ಕೊರಳಲ್ಲಿ ಉಳಿಯಿತು. ತನ್ನ ಮನಸ್ಸಿಗೆ ನೋವಾದರೆ ಕೇಳುವವರಾರು ಎಂದು ಅವಳು ಯಾರನ್ನೂ ಕೇಳಲಿಲ್ಲ. ಬಟ್ಟೆ ಒಗೆಯುವಾಗ ಬಗ್ಗಿದರೆ ತಾಳಿಗೆ ಬಿಲ್ಲೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು. ಅವಳು ಎರಡನ್ನೂ ಸೆರಗಿನೊಳಗೆ ತುರುಕಿಕೊಳ್ಳುತ್ತಿದ್ದಳು.

ಇಷ್ಟನ್ನಾದರೂ ಸಹಿಸಿಕೊಳ್ಳುತ್ತಿದ್ದಳೇನೋ. ಗೋಡೆಯ ಮೇಲಿನ ಫೋಟೋಕ್ಕೆ ದಿನಾ ಹೂ ಮುಡಿಸುವುದನ್ನೂ ಅಭ್ಯಾಸ ಮಾಡಿಕೊಂಡಿದ್ದಳು, ಹಳೆಯ ಹೂ ತೆಗೆಯುವಾಗ ಸ್ವಲ್ಪ ಜೋರಾಗಿ ಎಳೆಯುತ್ತಿದ್ದಳು ಅಷ್ಟೆ. ಸಹಿಸಲಾಗದ್ದು ಲ್ಯಾಪ್‌ಟಾಪು.

ಅದು ಮೊದಲಿಗೆ ಬಿಂದುಶ್ರೀಯದು. ಮನೆಯಲ್ಲೇ ಕೂತು ಎಂ.ಎ. ಓದಲೆಂದು ತೆಗೆದುಕೊಂಡಿದ್ದಳಂತೆ. ಅವಳು ತೀರಿಹೋದ ಮಳೆಗಾಲದಲ್ಲೇ ಸಿಡಿಲು ಹೊಡೆದು ಲ್ಯಾಪ್‌ಟಾಪಿನ ಬೋರ್ಡು ಸುಟ್ಟುಹೋಯಿತು. ಅದನ್ನು ಮಾರಿದ್ದ ಸಕಲೇಶಪುರದ ಕಂಪ್ಯೂಟರ್ ಅಂಗಡಿಯ ಕಲೀಮುಲ್ಲಾ ಬಿಚ್ಚಿ ನೋಡಿ, ಇಟ್ಟದ್ದೆಲ್ಲ ಉಳಿಯುವ ಒಳಗಿನ ಡಿಸ್ಕು ಚೆನ್ನಾಗಿದೆಯೆಂದು ಅದೊಂದನ್ನು ಕಳಚಿಟ್ಟುಕೊಂಡ. ಆಮೇಲೆ ಡಿಸ್ಕು ಕೆಟ್ಟಿದ್ದ ಯಾರದೋ ಹಳೆಯ ಲ್ಯಾಪ್‌ಟಾಪಿಗೆ ಅದನ್ನು ಕೂರಿಸಿ ಕೊಟ್ಟ. ಮೈ ಒಬ್ಬರದು, ಜೀವ ಬಿಂದುಶ್ರೀಯದು. ಮದುವೆಯಾದ ಹೊಸದರಲ್ಲಿ ರವಿಚಂದ್ರನೇ ಇದನ್ನೆಲ್ಲ ಹೇಳಿದ್ದ. ಹೇಳಬಾರದಿತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವನು ಜಗಲಿಯಲ್ಲಿ ಲ್ಯಾಪ್‌ಟಾಪು ತೆರೆದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದ. ವಸಂತ ಎಲೆಅಡಿಕೆ ತಟ್ಟೆ ಹಿಡಿದು ಬಂದರೆ ತಟ್ಟನೆ ಮುಚ್ಚುತ್ತಿದ್ದ. ಏನು ನೋಡ್ತಿದ್ರಿ ಎಂದರೆ ಏನಿಲ್ಲ ಎನ್ನುತ್ತಿದ್ದ. ಆ ಏನಿಲ್ಲ ಎಂಬುದರಲ್ಲಿ ಏನೋ ಇದೆಯೆಂದು ಗೊತ್ತಾಗಲು ವಸಂತಳಂಥವಳಿಗೆ ಎಷ್ಟು ಹೊತ್ತು ಬೇಕು?

ಒಂದು ದಿನ ಅವನು ತೋಟಕ್ಕೆ ಹೋದಾಗ ತೆರೆದೇಬಿಟ್ಟಳು. ಎಂ.ಎ.ಯ ಪಾಠಗಳು, ಯಾವುದೋ ಹಾಡುಗಳು, ಅದರ ನಡುವೆ ಒಂದೇ ಒಂದು ವಿಡಿಯೋ. ಕಾಫಿ ಒಣಗಿಸುವ ಕಣ. ಹರಡಿದ ಬೀಜದ ಮೇಲೆ ಒಂದು ಕೋಳಿ ಹತ್ತಿದೆ. ಚಳಿಗೆ ಕಂಬಳಿಕೊಪ್ಪೆ ಹಾಕಿಕೊಂಡ ರವಿಚಂದ್ರ ಅದನ್ನು ಅಟ್ಟಿಸಿಕೊಂಡು ಓಡುತ್ತಾನೆ. ಕೋಳಿ ಒಂದು ಕಡೆ ಓಡುತ್ತದೆ, ಕಾಲಿನ ಚಪ್ಪಲಿ ಇನ್ನೊಂದು ಕಡೆ ಹಾರಿ ನೀರಿನ ತೊಟ್ಟಿಗೆ ಬೀಳುತ್ತದೆ. "ಏಯ್ ರೈಟ್ರೇ, ಇತ್ಲಾಗ್ ನೋಡ್ರಿ!" ಎಂದು ವಿಡಿಯೋ ತೆಗೆಯುತ್ತಿದ್ದವಳ ದನಿ. ಅವನು ತಿರುಗುತ್ತಾನೆ, ಒಂಟಿ ಚಪ್ಪಲಿಯಲ್ಲಿ ನಿಂತವನು ನಗಲು ಶುರುಮಾಡುತ್ತಾನೆ, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕಣದಲ್ಲೇ ಕೂತುಬಿಡುತ್ತಾನೆ. ಅಷ್ಟೇ ಇದ್ದದ್ದು.

ವಸಂತ ಅದನ್ನು ಮತ್ತೆ ಮತ್ತೆ ನೋಡಿದಳು. ಮದುವೆಯಾಗಿ ಎರಡು ಕೊಯ್ಲು ಮುಗಿದಿದ್ದವು, ತನ್ನ ಗಂಡನಿಗೆ ಹಾಗೆ ನಗಲು ಬರುತ್ತದೆಂದೇ ಅವಳಿಗೆ ಗೊತ್ತಿರಲಿಲ್ಲ. ತಾನು ಏನು ಹೇಳಿದರೂ ಅವನು ತುಟಿಯಂಚಿನಲ್ಲಿ ಒಂದಿಷ್ಟು ನಗುತ್ತಿದ್ದ, ಅಷ್ಟನ್ನೇ ಪೂರಾ ನಗುವೆಂದು ಅವಳು ನಂಬಿದ್ದಳು. ಅವಳಿಗೆ ಅಳು ಬರಲಿಲ್ಲ, ಉರಿ ಬಂತು. ಸತ್ತವಳು ಸೀರೆಯಲ್ಲಿ ಮೊದಲ ಪಾಲು ತಿಂದಳು, ಕೊರಳಲ್ಲಿ ಜಾಗ ಹಿಡಿದಳು, ಈಗ ನೋಡಿದರೆ ನಗುವನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಿದ್ದಾಳೆ.

ತನ್ನ ಮೇಲೆ ಅನುಮಾನ ಬಾರದಂತೆ ಅದನ್ನೆಲ್ಲ ಅಳಿಸಲು ನೆಪ ತಾನಾಗಿಯೇ ಸಿಕ್ಕಿತು. ಬ್ಲೌಸಿಗೆ ಆರಿ ಕಸೂತಿ ಹಾಕುವುದನ್ನು ವಸಂತ ಕಲಿಯುತ್ತಿದ್ದಳು. ಡಿಸೈನ್ ನೋಡಲೆಂದು ತೆರೆದರೆ ಲ್ಯಾಪ್‌ಟಾಪು ಬಿಕ್ಕಳಿಸಿ ಬಿಕ್ಕಳಿಸಿ ನಿಂತುಬಿಡುತ್ತಿತ್ತು. "ಕಲೀಮಣ್ಣಂಗೆ ಒಂದ್ಸಲ ತೋರ್ಸ್ಕಂಡ್ ಬಾ, ಸಲೀಸಾಗಿ ಓಡಂಗ್ ಮಾಡ್ಕೊಡ್ತಾರೆ" ಎಂದು ರವಿಚಂದ್ರನೇ ಹೇಳಿದ. ಹೇಳಿ, ನಿಶ್ಚಿಂತೆಯಿಂದ ತೋಟಕ್ಕೆ ಹೋದ.

ಅದು ಶುಕ್ರವಾರ. ಕಲೀಮುಲ್ಲಾನ ಅಂಗಡಿ ಪೇಟೆಯ ಒಂದು ಓಣಿಯಲ್ಲಿತ್ತು. ತಲೆ ನರೆತ, ಮೆತ್ತಗೆ ಮಾತಾಡುವ ಮನುಷ್ಯ. ಅವನು ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿ ಗುರುತು ಹಿಡಿದ.

"ಏನಾಗ್ಬೇಕು ರೈಟ್ರಮ್ಮ?"

"ಹೊಸದ್ರಲ್ಲಿ ಹೆಂಗಿತ್ತೋ ಹಂಗಾಗ್ಬೇಕು."

"ಪೂರಾನಾ? ಹಂಗ್ ಮಾಡುದ್ರೆ ಒಳಗಿರದೆಲ್ಲ ಹೋಗ್ಬುಡ್ತದೆ. ತೆಗ್ದಿಡಾದು ಏನಾರ ಐತಾ?"

"ಏನಿಲ್ಲ."

"ಫೋಟೋ, ವಿಡಿಯೋ?"

"ಏನೂ ಬ್ಯಾಡ ಅಂದ್ನಲ್ಲ."

ಕಲೀಮುಲ್ಲಾ ಕನ್ನಡಕದ ಮೇಲಿನಿಂದ ಅವಳನ್ನೊಮ್ಮೆ ನೋಡಿದ. "ಸಾರ್‌ಗೆ ಗೊತ್ತಲ್ವಾ?"

"ಅವ್ರೇ ಕಳ್ಸಿದ್ದು" ಎಂದಳು ವಸಂತ. ಸುಳ್ಳೇನಲ್ಲ. ನಿಜವೂ ಅಲ್ಲವೆಂದು ಅವಳಿಗೆ ಗೊತ್ತಿತ್ತು.

ಅವನು ಏನೇನೋ ಒತ್ತಿದ. ಪರದೆ ಕಪ್ಪಾಯಿತು, ಚುಕ್ಕಿಗಳು ಗುಂಡಗೆ ತಿರುಗತೊಡಗಿದವು. ವಸಂತ ಸ್ಟೂಲಿನ ತುದಿಯಲ್ಲಿ ಕೂತು ಅದನ್ನೇ ನೋಡಿದಳು. ಹೋಗು, ನನ್ನ ಮನೆ ಬಿಟ್ಟು ಹೋಗು ಎಂದು ಒಳಗೊಳಗೇ ಹೇಳಿಕೊಂಡಳು. ತುಂಬ ಹೊತ್ತಾಗುತ್ತದೆ ಎಂದು ಅವನು ಹೇಳಿದ್ದರಿಂದ ಎದ್ದು ಪೇಟೆ ಸುತ್ತಿದಳು. ಗಾಜಿನ ಬಳೆ ತೊಟ್ಟಳು, ಕೊತ್ತಂಬರಿ ಸೊಪ್ಪು ಕೊಂಡಳು, ಯಾವತ್ತೂ ಇಲ್ಲದ್ದು ತನಗೆಂದೇ ಒಂದು ಮೊಳ ಮಲ್ಲಿಗೆ ಕೊಂಡು ಮುಡಿದಳು. ತಿರುಗಿ ಬರುವಷ್ಟರಲ್ಲಿ ಕಲೀಮುಲ್ಲಾ ನಮಾಜಿಗೆ ಹೋಗಿದ್ದ. ಅಂಗಡಿಯಲ್ಲಿ ಕೂತಿದ್ದ ಅವನ ಹೆಂಡತಿ ನೂರುನ್ನೀಸಾ ಲ್ಯಾಪ್‌ಟಾಪಿನ ಚೀಲ ಎತ್ತಿ ಕೊಟ್ಟಳು. "ಎಲ್ಲಾ ಆಗೈತಂತೆ, ತಗೊಂಡೋಗಿ ಅಮ್ಮ" ಎಂದಳು. ವಸಂತ ಬಸ್ಸು ಹತ್ತಿದಳು.

ಆಮೇಲಿನ ಎರಡು ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫೋಟೋಕ್ಕೆ ಹೂ ಮುಡಿಸುವಾಗಲೂ ಮೆತ್ತಗೆ ಮುಡಿಸಿದಳು. ಲ್ಯಾಪ್‌ಟಾಪನ್ನು ಮಾತ್ರ ತೆರೆಯಲಿಲ್ಲ. ಬೀರುವಿನಲ್ಲಿಟ್ಟು, ತನಗೇನೂ ತಿಳಿಯದೆಂಬಂತೆ ಇದ್ದಳು.

ಭಾನುವಾರ ಊಟವಾಯಿತು. ರವಿಚಂದ್ರ ಎಂದಿನಂತೆ ಲ್ಯಾಪ್‌ಟಾಪು ಹಿಡಿದು ಜಗಲಿಗೆ ಹೋದ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ವಸಂತ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು.

"ವಸಂತಾ, ಇಲ್ಬಾ."

ಅವನ ದನಿ ಬೇರೆಯಾಗಿತ್ತು. ಸೆರಗಿಗೆ ಕೈ ಒರೆಸಿಕೊಂಡು ಹೋದಳು. ನೀಲಿ ಪರದೆ, ಅದರ ನಟ್ಟನಡುವೆ ದಪ್ಪ ಕನ್ನಡ ಅಕ್ಷರಗಳಲ್ಲಿ ಒಂದು ಹೆಸರು: ಬಿಂದುಶ್ರೀ.

ರವಿಚಂದ್ರ ಹೆಸರಿನ ಮೇಲೆ ಒತ್ತಿ ಒಳಗೆ ಹೋದ. ಪಾಠಗಳಿಲ್ಲ, ಹಾಡುಗಳಿಲ್ಲ, ವಿಡಿಯೋ ಇಲ್ಲ. ಅಲ್ಲಿ ಹುಡುಕಿದ, ಇಲ್ಲಿ ಹುಡುಕಿದ, ತೆರೆದದ್ದನ್ನೇ ಮತ್ತೆ ತೆರೆದ. ಆಮೇಲೆ ಫೋನು ತೆಗೆದು ಕಲೀಮುಲ್ಲಾನಿಗೆ ಹಚ್ಚಿ ಸ್ಪೀಕರಿಗೆ ಹಾಕಿದ.

"ಕಲೀಮಣ್ಣ, ಇದೇನಿದು? ಒಳಗೆ ಏನೂ ಇಲ್ಲ. ಬರೀ ಬಿಂದು ಹೆಸ್ರು ಬರ್ತೈತೆ."

"ಅಯ್ಯೋ, ಹೆಸ್ರು ಬಂತಾ? ಮರ್ತೇ ಹೋಗಿತ್ತು ಸಾರ್. ನಾನು ಯಾರ್ದೇ ಆಗ್ಲಿ, ಮೊದಲ್ನೇ ದಿನ ಅವ್ರ ಹೆಸ್ರು, ಕನ್ನಡ ಅಕ್ಷರ ಎಲ್ಲಾ ಹಾಕಿ, ಡಿಸ್ಕಲ್ಲೇ ಒಂದ್ ಮೂಲೇಲಿ ಒಂದ್ ನಕಲು ಇಟ್ಟಿರ್ತೀನಿ. ಹೊಸದ್ರಂಗ್ ಮಾಡು ಅಂದ್ರೆ ಅದು ಆ ದಿನುಕ್ಕೇ ಹೋಗಿ ನಿಂತ್ಕಂತದೆ. ಲ್ಯಾಪ್‌ಟಾಪ್ ಬ್ಯಾರೆ ಆದ್ರೂ ಡಿಸ್ಕು ಅವರ್ದೇ ಅಲ್ವಾ?"

"ಹೆಸ್ರು ಇರ್ಲಿ. ಮಿಕ್ಕಿದ್ದು? ನನ್ನೊಂದು ವಿಡಿಯೋ ಇತ್ತು."

ವಸಂತ ಕಂಬಕ್ಕೆ ಒರಗಿದಳು. ಈಗ ಹೇಳುತ್ತಾನೆ, ರೈಟ್ರಮ್ಮನೇ ಬೇಡ ಅಂದ್ರು ಎಂದು ಹೇಳಿಯೇಬಿಡುತ್ತಾನೆ ಎಂದು ಅವಳು ಕಾದಳು.

"ನನ್ನಿಂದ್ಲೇ ತಪ್ಪಾಗೈತೆ ಸಾರ್" ಎಂದ ಕಲೀಮುಲ್ಲಾ. "ಕೇಳ್ಕಂಡು ಮಾಡ್ಬೇಕಿತ್ತು. ವಾಪಸ್ ಬರ್ತದಾ ಅಂತ ನೋಡ್ತೀನಿ, ಆದ್ರೆ ಅದ್ರ ಮೇಲೇ ಎಲ್ಲಾ ಹೊಸದಾಗಿ ಕೂತ್ಬುಟ್ಟೈತೆ. ಬರೋದು ಅನುಮಾನ. ಬೈಬೇಕಂದ್ರೆ ನನ್ನೇ ಬೈರಿ."

"ಬೈಯೋದೇನು ಬಂತು ಮಾರಾಯ, ಹೋಗಿದ್ದು ಹೋಯ್ತಲ್ಲ!" ರವಿಚಂದ್ರ ದನಿ ಏರಿಸಿದ. ಅವನು ದನಿ ಏರಿಸಿದ್ದನ್ನು ವಸಂತ ಕೇಳಿದ್ದು ಅದೇ ಮೊದಲು. "ಇಷ್ಟ್ ವರ್ಷದಿಂದ ನಿನ್ನ ನಂಬ್ಕಂಡ್ ಬಂದಿದ್ದುಕ್ಕೆ ಒಳ್ಳೇ ಕೆಲ್ಸ ಮಾಡ್ದೆ ಬುಡು!"

ಆ ಮನುಷ್ಯ ತನ್ನದಲ್ಲದ ಅಪವಾದವನ್ನು ಹೊತ್ತುಕೊಂಡುಬಿಟ್ಟ. ವಸಂತಳಿಗೆ ಅದನ್ನು ಕೇಳಿಕೊಂಡು ನಿಲ್ಲಲಾಗಲಿಲ್ಲ.

"ಅವ್ರನ್ನ ಬೈಬೇಡಿ" ಎಂದಳು. "ಅವ್ರು ಎರಡೆರಡು ಸಲ ಕೇಳುದ್ರು. ನಾನೇ ಏನೂ ಬ್ಯಾಡ ಅಂದೆ."

ರವಿಚಂದ್ರ ಫೋನು ಇಟ್ಟ. ಅವಳ ಕಡೆ ತಿರುಗಿದ.

"ಗೊತ್ತಿದ್ದೂ ಮಾಡ್ದ್ಯಾ?"

"ಹ್ಞೂಂ, ಗೊತ್ತಿದ್ದೇ ಮಾಡ್ದೆ. ವಿಡಿಯೋನೂ ನೋಡಿದ್ದೆ." ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ನಿಲ್ಲಲಿಲ್ಲ. "ಹೊಟ್ಟೆ ಉರೀತಿತ್ತು ಕಣ್ರೀ. ನಂಜೊತೆ ಒಂದಿನ ಆದ್ರೂ ಹಂಗೆ ನಕ್ಕಿದ್ದೀರಾ? ಕೊರಳಲ್ಲಿ ಅವ್ಳು, ಗೋಡೆ ಮೇಲೆ ಅವ್ಳು, ಭಾನುವಾರ ಆದ್ರೆ ಅಲ್ಲೂ ಅವ್ಳು. ನಂಗೆ ಅಂತ ಎಲ್ಲೈತೆ ಜಾಗ? ಅವ್ಳನ್ನ ಅಳ್ಸಣ ಅಂತ ಹೋದೆ."

"ಆ ವಿಡಿಯೋದಲ್ಲಿ ಅವ್ಳು ಇದ್ಲಾ?"

ವಸಂತ ನೆನಪು ಮಾಡಿಕೊಂಡಳು. ಕಣ, ಕೋಳಿ, ತೊಟ್ಟಿ, ಚಪ್ಪಲಿ. ಒಂದು ದನಿ ಬಿಟ್ಟರೆ ಬಿಂದುಶ್ರೀಯ ಕಿರುಬೆರಳೂ ಅದರಲ್ಲಿರಲಿಲ್ಲ.

"ಇರ್ಲಿಲ್ಲ. ನೀವೇ ಇದ್ರಿ."

"ಅಷ್ಟೇ ಕಣೆ. ಅವ್ಳು ಗೋಡೆ ಮೇಲವ್ಳೆ, ನಿನ್ ಕೊರಳಲ್ಲವ್ಳೆ, ಅವ್ಳಿಗೇನೂ ಕಮ್ಮಿ ಇಲ್ಲ. ನಾನಿದ್ದಿದ್ದು ಅದೊಂದ್ರಲ್ಲೇ. ಅವ್ಳು ಹೋದ್ಮೇಲೆ ನಂಗೆ ನಗಾಕೇ ಬರ್ತಿಲ್ಲ. ಒಂದ್ ಕಾಲ್ದಲ್ಲಿ ಬರ್ತಿತ್ತು ಅಂತ ವಾರಕ್ಕೊಂದ್ಸಲ ನೋಡ್ಕಂತಿದ್ದೆ. ಇವತ್ತಲ್ಲ ನಾಳೆ ನಿಂಜೊತೇನೂ ನಗು ಬಂದಾತು ಅಂತ." ಅವನು ಲ್ಯಾಪ್‌ಟಾಪು ಮುಚ್ಚಿದ. "ಅಳ್ಸಿದ್ದು ನನ್ನ. ಅವ್ಳು ಹಂಗೇ ಅವ್ಳೆ ನೋಡು."

ಎದ್ದು ತೋಟದ ಕಡೆ ಹೋದ. ವಸಂತ ಜಗಲಿಯಲ್ಲೇ ಕುಸಿದು ಕೂತಳು. ಅತ್ತಳು, ಅಳುತ್ತಲೇ ಲ್ಯಾಪ್‌ಟಾಪು ತೆರೆದು ಆ ಹೆಸರನ್ನು ನೋಡಿದಳು, ಆಗಲೂ ಅವಳಿಗೆ ಹೊಟ್ಟೆ ಉರಿಯಿತು. ಹೆಸರನ್ನು ಬದಲಾಯಿಸುವುದು ಹೇಗೆಂದು ಕಲೀಮುಲ್ಲಾನನ್ನು ಕೇಳಿದ್ದರೆ ಫೋನಿನಲ್ಲೇ ಹೇಳಿಕೊಡುತ್ತಿದ್ದ. ಅವಳಿಗೆ ಬ್ಲೇಡಿನ ನೆನಪಾಯಿತು, ತೂತು ಚೀಲದ ನೆನಪಾಯಿತು. ಕೇಳಲಿಲ್ಲ.

ಕೊಯ್ಲು ಬಂತು, ಕಣದ ತುಂಬ ಕಾಫಿ ಹರಡಿತು. ರವಿಚಂದ್ರ ಮೊದಲಿನಂತೆಯೇ ಮಾತಾಡುತ್ತಿದ್ದ, ಆದರೆ ಭಾನುವಾರ ಜಗಲಿಯಲ್ಲಿ ಬರಿಗೈಯಲ್ಲಿ ಕೂರುತ್ತಿದ್ದ. ಒಂದು ಬೆಳಿಗ್ಗೆ ಅವನು ಕಾಲಿನಿಂದ ಬೀಜ ತಿರುವುತ್ತಿದ್ದಾಗ ವಸಂತ ಕಣದ ಕಟ್ಟೆಯ ಮೇಲೆ ನಿಂತು ತನ್ನ ಫೋನು ಎತ್ತಿ ಹಿಡಿದಳು. ಏನು ಕೂಗಬೇಕೆಂದು ಅವಳಿಗೆ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಹಳೆಯ ವಿಡಿಯೋದ ಆ ಮಾತೇ.

"ರೈಟ್ರೇ, ಇತ್ಲಾಗ್ ನೋಡ್ರಿ!"

ಅವನು ಬೆಚ್ಚಿ ತಿರುಗಿದ. ನಗಲಿಲ್ಲ. ಆದರೆ ಮುಖವನ್ನೂ ತಿರುಗಿಸಿಕೊಳ್ಳಲಿಲ್ಲ, ಅವಳು ಫೋನು ಇಳಿಸುವ ತನಕ ಹಾಗೇ ನಿಂತಿದ್ದ. ಆ ವಿಡಿಯೋ ವಸಂತಳ ಬಳಿ ಈಗಲೂ ಇದೆ. ಅದರಲ್ಲಿ ಬಿಂದುಶ್ರೀಯಂತೆ ಅವಳೂ ಕಾಣುವುದಿಲ್ಲ, ದನಿಯಷ್ಟೇ.